ದಿಬ್ಬದ ತುದಿಯಲ್ಲಿ ಮಾತ್ರ ನಿಲ್ಲಿಸಿ

ನಮ್ಮ ನಾರ್ಫೋಕ್ ದ್ವೀಪದಲ್ಲಿ ಎದುರು ಬಂದ ಕಾರಿಗೆ ಯಾರಾದರೂ ಕೈಯೆತ್ತದೆ ಹೋದರೆ ಒಂದೋ ಅವನು ಪ್ರವಾಸಿ, ಇಲ್ಲವೇ ಅವನ ಮನೆಯಲ್ಲಿ ಯಾರೋ ಸತ್ತಿರಬೇಕು. ಕೈಯೆತ್ತುವುದು ಕನಿಷ್ಠ ಮರ್ಯಾದೆ. ಸ್ವಲ್ಪ ಬಳಕೆ ಹೆಚ್ಚಿದ್ದರೆ ಎರಡೂ ಕಾರು ನಡುರಸ್ತೆಯಲ್ಲೇ ನಿಲ್ಲುತ್ತವೆ, ಕಿಟಕಿಯಿಂದ ಕಿಟಕಿಗೆ ಮಾತು ಶುರುವಾಗುತ್ತದೆ. ಹಿಂದೆ ಬಂದವನು ಹಾರ್ನ್ ಹೊಡೆಯುವುದಿಲ್ಲ, ಅವನೂ ಇಳಿದು ಬಂದು ಸೇರಿಕೊಳ್ಳುತ್ತಾನೆ. ಹಸು ರಸ್ತೆಯಲ್ಲಿ ಮಲಗಿದ್ದರೆ ಅದು ಏಳುವವರೆಗೆ ಕಾಯುತ್ತೇವೆ. ಇಂಥ ಊರಲ್ಲಿ ಒಬ್ಬ ಪೆಟ್ರೋಲ್ ಉಳಿಸುತ್ತೇನೆಂದು ಹೊರಟರೆ ಅವನಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ಹೆಂಡತಿಯ ಮೇಲೆ ಜೀವ ಇರಬೇಕು. ನಮ್ಮ ಬೂಟ್ಸ್ ಚಿಕ್ಕಪ್ಪನ ವಿಷಯದಲ್ಲಿ ಎರಡೂ ನಿಜವಾಗಿತ್ತು.

ಚಿಕ್ಕಪ್ಪನ ಹೆಸರು ಗುಸ್ತಾವ್ ಕ್ವಿಂಟಲ್. ಮದುವೆಯ ದಿನ ಮಳೆ ಬಂತೆಂದು ರಬ್ಬರ್ ಬೂಟಿನಲ್ಲೇ ಚರ್ಚಿಗೆ ಬಂದವನು ಅವತ್ತಿನಿಂದ ಬೂಟ್ಸ್ ಆದ. ಫೋನ್ ಪುಸ್ತಕದಲ್ಲೂ ಹಾಗೇ ಅಚ್ಚಾಗಿದೆ. ನನ್ನ ಹೆಸರು ಅದರಲ್ಲಿ ಚಿಲ್ಲಿ ಎಂದಿದೆ. ಯಾಕೆಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಚಿಕ್ಕಪ್ಪನ ಹೆಂಡತಿ ಮೈಮಿ ನನ್ನ ತಾಯಿಯ ತಂಗಿ. ಅವರ ಬೇಲಿಗೆ ಅಂಟಿಕೊಂಡೇ ನನ್ನ ಮನೆ ಇದೆ, ಹಾಗಾಗಿ ಆ ಮನೆಯ ಜಗಳವೆಲ್ಲ ನನಗೆ ಬಾಯಿಪಾಠ.

ಜಗಳ ಬಹುಪಾಲು ಕಾರಿನ ಬಗ್ಗೆಯೇ ಇರುತ್ತಿತ್ತು. ಮೀನಿನ ಡಬ್ಬಿಯಷ್ಟೇ ದೊಡ್ಡದಾದ ಹಳೇ ಜಪಾನಿ ಕಾರು ಅದು. ಉಪ್ಪುಗಾಳಿಗೆ ತುಕ್ಕು ಹಿಡಿದು ನೀಲಿ ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅದು ‘ಡಬ್ಬಿ’. ಚಿಕ್ಕಪ್ಪ ಡಬ್ಬಿಯನ್ನು ಎಲ್ಲಿ ಬೇಕೆಂದರಲ್ಲಿ ನಿಲ್ಲಿಸಿ, ಇಂಜಿನ್ ಗುರುಗುಟ್ಟುತ್ತಿರುವಾಗಲೇ ಕಿಟಕಿಯಾಚೆ ಅರ್ಧ ಮೈ ಹಾಕಿ ಹರಟೆ ಹೊಡೆಯುತ್ತಿದ್ದ. ಪಕ್ಕದ ಸೀಟಿನಿಂದ ಚಿಕ್ಕಮ್ಮ ಗದರುತ್ತಿದ್ದಳು: “ಇಂಜಿನ್ ಆಫ್ ಮಾಡು ಮಾರಾಯ, ಪೆಟ್ರೋಲೇನು ನಿಮ್ಮಪ್ಪನ ಬಾವೀಲಿ ಉಕ್ತಾ ಇದ್ಯಾ?” ಊರಿನ ಮಕ್ಕಳು ಕೂಡ ಅವಳ ಧ್ವನಿಯಲ್ಲೇ ಅದನ್ನು ಹೇಳಿ ನಗುತ್ತಿದ್ದವು. ಅವಳಷ್ಟು ಚೆನ್ನಾಗಿ ಬಯ್ಯುವವರು ದ್ವೀಪದಲ್ಲಿ ಇನ್ನೊಬ್ಬರಿರಲಿಲ್ಲ. ಅವಳ ಕೈಲಿ ಬೈಸಿಕೊಂಡರೆ ಅವತ್ತು ಊಟ ರುಚಿ ಎನ್ನುವ ಗಂಡಸರೂ ಇದ್ದರು.

ಕ್ರಿಸ್ಮಸ್ ಕಳೆದ ಮೇಲೆ, ನಮ್ಮಲ್ಲಿ ಆಗಲೇ ಬೇಸಿಗೆ, ಆ ಸೆಖೆಯ ದಿನಗಳಲ್ಲಿ, ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಕಣ್ಣಲ್ಲಿ ಉತ್ತರ ಬಂದು ನಿಲ್ಲುತ್ತಿತ್ತು, ಬಾಯಿಂದ ಮಾತ್ರ ಗಾಳಿ ಬರುತ್ತಿತ್ತು. ನೋಡಲಾರದೆ ನಾನು ಹಿತ್ತಲಿಗೆ ಹೋಗಿ ಅತ್ತಿದ್ದೇನೆ.

ಆಸ್ಪತ್ರೆಯ ನರ್ಸ್ ಚಿಕ್ಕಪ್ಪನನ್ನು ಕೂರಿಸಿಕೊಂಡು ಹೇಳಿದಳು. “ಮಾತು ಒಳಗೇ ಇದೆ ಬೂಟ್ಸ್, ದಾರಿ ಮುಚ್ಚೋಗಿದೆ ಅಷ್ಟೆ. ದಿನಾ ಮಾತಾಡಿಸ್ಬೇಕು. ನೀನೊಬ್ನೇ ಅಲ್ಲ, ನಾಲ್ಕು ಜನ ಮಾತಾಡಿಸ್ಬೇಕು. ಈಗ ಬಿಟ್ರೆ ಆ ದಾರೀಲಿ ಹುಲ್ಲು ಬೆಳ್ಕೊಳುತ್ತೆ, ಆಮೇಲೆ ನೀನು ಏನೇ ಮಾಡಿದ್ರೂ ಬರಲ್ಲ.”

ಮೊದಲು ಜನ ಮನೆಗೇ ಬಂದರು. ಕಡುಬು, ಕೇಕು ಹಿಡಿದುಕೊಂಡು ಬಂದು ಮಂಚದ ಸುತ್ತ ಕೂತರು. ಚಿಕ್ಕಮ್ಮ ಗೋಡೆ ಕಡೆ ಮುಖ ತಿರುಗಿಸಿಬಿಟ್ಟಳು. ರೋಗಿಯ ಹಾಗೆ ಕೂತು ಯಾರ ಎದುರೂ ತೊದಲಲು ಅವಳಿಗೆ ಇಷ್ಟವಿರಲಿಲ್ಲ, ನನಗೆ ಗೊತ್ತು, ನಾವೆಲ್ಲ ಅದೇ ಜಾತಿ. ಆದರೆ ಒಂದು ಸಂಜೆ ಚಿಕ್ಕಪ್ಪ ಅವಳನ್ನು ಎತ್ತಿ ಡಬ್ಬಿಯಲ್ಲಿ ಕೂರಿಸಿ, ತಲೆಗೆ ಹೂವಿನ ಟೋಪಿ ಇಟ್ಟು ಹೊರಟಾಗ ಅವಳು ಸೆಟೆದು ಕೂತಳು. ಈಗ ಅವಳು ರೋಗಿಯಲ್ಲ, ಸಂಜೆ ಸುತ್ತಾಡಲು ಹೊರಟ ಹೆಂಗಸು. ಎಡಗೈ ಕಿಟಕಿಯಿಂದ ಆಚೆ ಹಾಕಿ ಎಲ್ಲರಿಗೂ ಬೀಸಿದಳು. ಎಲ್ಲರೂ ನಿಂತರು. ಕೆಟಲ್ ಆಂಟಿ, ಯಾರು ಬಂದರೂ ಚಹಾಕ್ಕೆ ನೀರಿಡುವುದರಿಂದ ಆಕೆಗೆ ಆ ಹೆಸರು, ತನ್ನ ಗೇಟಿನ ಬಳಿ ಡಬ್ಬಿಯನ್ನು ತಡೆದು ಒಂದು ಬಾಳೆಹಣ್ಣು ಕೊಟ್ಟು, “ಇದೇನು ಹೇಳೇ, ಹೇಳಿದ್ರೆ ಕೊಡ್ತೀನಿ, ಇಲ್ದಿದ್ರೆ ನಾನೇ ತಿಂತೀನಿ” ಎಂದಳು. ಚಿಕ್ಕಮ್ಮ ಬೆವತುಹೋದಳು. ಕೊನೆಗೆ “ಬಾ... ಬಾಳೆ” ಎಂದಳು.

ಅಲ್ಲಿಂದ ದಿನವೂ ಸಂಜೆ ಡಬ್ಬಿಯ ಮೆರವಣಿಗೆ. ಮನೆಯಿಂದ ಹೊರಟು, ಬರ್ನ್ಟ್ ಪೈನ್ ಅಂಗಡಿಸಾಲು ದಾಟಿ, ಕೆಟಲ್ ಆಂಟಿಯ ಗೇಟು, ಅದರ ಮುಂದಿನ ದಿಬ್ಬ, ಅಲ್ಲಿಂದ ರೂಟಿ ಹಿಲ್ ಇಳಿಜಾರು ಇಳಿದು ಕಡಲ ಪಕ್ಕದ ಕಿಂಗ್‌ಸ್ಟನ್, ಎಮಿಲಿ ಬೇ, ವಾಪಸ್. ದಾರಿಯುದ್ದಕ್ಕೂ ನಿಲ್ಲುವುದು, ಮಾತಾಡಿಸುವುದು. ‘ಬಾಳೆ’ ಆದಮೇಲೆ ‘ಮಳೆ’ ಬಂತು, ‘ಮೀನು’ ಬಂತು. ಒಂದು ದಿನ ಅಡ್ಡ ನಿಂತ ಹಸುವಿಗೆ “ಹೋಗ್!” ಎಂದಳು. ಚಿಕ್ಕಪ್ಪ ಆ ಹಸುವಿನ ಕೊರಳು ತಬ್ಬಿಕೊಂಡ.

ಆಗ ಹಡಗು ಕೈಕೊಟ್ಟಿತು.

ನಮ್ಮಲ್ಲಿಗೆ ಪೆಟ್ರೋಲ್ ಹಡಗಿನಲ್ಲೇ ಬರಬೇಕು, ಅದು ದೂರದಲ್ಲಿ ನಿಂತು ದಡದವರೆಗೆ ಪೈಪ್ ಎಳೆಯಬೇಕು. ಆ ಚಳಿಗಾಲ ಸಮುದ್ರಕ್ಕೆ ಏನಾಗಿತ್ತೋ, ಅಲೆ ಇಳಿಯಲೇ ಇಲ್ಲ. ಹಡಗು ಬಂತು, ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಓಲಾಡಿತು, ಹಾಗೇ ತಿರುಗಿ ಹೋಯಿತು. ಇನ್ನೊಮ್ಮೆ ಬಂತು, ಮತ್ತೆ ಅದೇ. ಬಂಕಿನಲ್ಲಿ ಕಾರಿಗೊಂದು ಸಣ್ಣ ಕ್ಯಾನು, ವಾರಕ್ಕೆ ಒಂದೇ ಸಲ ಎಂದು ಬೋರ್ಡ್ ಹಾಕಿದರು. ಡಬ್ಬಿಯ ಹೊಟ್ಟೆಬಾಕತನಕ್ಕೆ ಆ ಕ್ಯಾನು ಎರಡು ಸಂಜೆಗೂ ಸಾಲುತ್ತಿರಲಿಲ್ಲ.

ಮಿಕ್ಕ ಸಂಜೆಗಳಲ್ಲಿ ಚಿಕ್ಕಮ್ಮ ಟೋಪಿ ಇಟ್ಟುಕೊಂಡು ಬಾಗಿಲ ಬಳಿ ಕೂತು ಡಬ್ಬಿಯನ್ನೇ ನೋಡುತ್ತಿದ್ದಳು. ಊರವರು ತಮ್ಮ ಪಾಲಿನ ಪೆಟ್ರೋಲ್ ಕೊಡಲು ಬಂದರು. ಚಿಕ್ಕಪ್ಪ ಒಪ್ಪಲಿಲ್ಲ. “ನಿಮ್ಮ ಮನೇಲೂ ಮುದುಕ್ರಿದಾರೆ, ರಾತ್ರಿ ಆಸ್ಪತ್ರೆಗೆ ಹೋಗ್ಬೇಕಾದ್ರೆ ಏನ್ ಮಾಡ್ತೀರಾ? ಎತ್ಕೊಂಡ್ ಹೋಗ್ರಿ” ಎಂದು ವಾಪಸ್ ಕಳಿಸಿದ. ಮಾರನೇ ಬೆಳಿಗ್ಗೆ ಮೆಕ್ಯಾನಿಕ್ ಪಂಚರ್‌ನನ್ನು ಕರೆದುಕೊಂಡು ಬಂದ. ಊರಿಗೆಲ್ಲ ಚಕ್ರ ರಿಪೇರಿ ಮಾಡುವ ಇವನ ಸ್ವಂತ ಕಾರಿನ ಚಕ್ರದಲ್ಲಿ ಎಂದೂ ಗಾಳಿ ಇರುವುದಿಲ್ಲ, ಅದಕ್ಕೆ ಆ ಹೆಸರು.

“ಇರೋ ಪೆಟ್ರೋಲಲ್ಲೇ ಏಳು ಸಂಜೆ ಓಡ್ಬೇಕು” ಎಂದ ಚಿಕ್ಕಪ್ಪ.

ಪಂಚರ್ ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಇದಾ? ಇದು ನಿಂತಲ್ಲೇ ಕುಡಿಯೋ ಗಿರಾಕಿ ಬೂಟ್ಸ್. ಮೊದ್ಲು ಎಷ್ಟು ಕುಡಿಯುತ್ತೆ ಅಂತ ನೋಡಣ.”

ನೋಡುವ ವಿಧಾನ ಪಂಚರನದೇ. ಟ್ಯಾಂಕಿನಿಂದ ಬರುವ ಪೈಪ್ ಬಿಡಿಸಿ, ಕೆಮ್ಮಿನ ಔಷಧಿಯ ದೊಡ್ಡ ಬಾಟಲಿಗೆ ಪೆಟ್ರೋಲ್ ತುಂಬಿ, ಅದರ ಪೈಪನ್ನು ಇಂಜಿನ್‌ಗೆ ಕೊಟ್ಟ. ಬಾಟಲಿ ಖಾಲಿಯಾಗಿ ಕಾರು ಎಲ್ಲಿ ಕೆಮ್ಮಿ ನಿಲ್ಲುತ್ತದೋ ಅಲ್ಲಿ ಬೇಲಿಗೆ ಒಂದು ಬಾವುಟ. ಬಾವುಟಕ್ಕೆ ನನ್ನ ಕೆಂಪು ಸ್ಕರ್ಟನ್ನು ಕೇಳದೆ ಹರಿದರು. ಚಿಕ್ಕಮ್ಮ ಸೀಟಿನಲ್ಲಿ, ಚಿಕ್ಕಪ್ಪ ಸ್ಟಿಯರಿಂಗಿನಲ್ಲಿ, ನಾನು ಹಿಂದೆ ಬಾವುಟ ಹಿಡಿದು. ಮೊದಲ ದಿನ ಡಬ್ಬಿ ಕೆಟಲ್ ಆಂಟಿಯ ಗೇಟಿನ ಎದುರು, ದಿಬ್ಬ ಹತ್ತಲೂ ಆಗದೆ, ಪ್ರಾಣ ಬಿಟ್ಟಿತು. ಆಂಟಿಯ ಬೇಲಿಗೆ ಬಾವುಟ ಕಟ್ಟಿದೆವು.

“ನನ್ ಮನೆವರ್ಗೂ ಬರಕ್ಕೆ ಒಂದು ಬಾಟ್ಲಿ ಬೇಕಾ? ನಾನಾದ್ರೆ ಎರಡು ಕಪ್ ಚಹಾದಲ್ಲಿ ನಡ್ಕೊಂಡ್ ಹೋಗ್ತೀನಿ” ಎಂದಳು ಆಂಟಿ.

ಅಲ್ಲಿಂದ ಶುರುವಾಯಿತು ಹುಚ್ಚು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದು ಬಾಟಲಿ, ಆಮೇಲೆ ಒಂದು ಬಾವುಟ. ಮೊದಲು ಡಿಕ್ಕಿ ಖಾಲಿ ಮಾಡಿದರು: ಮುರಿದ ಲಂಗರು, ಬಲೆಗೆ ಕಟ್ಟುವ ಸೀಸದ ಗುಂಡುಗಳು, ಸತ್ತ ಬ್ಯಾಟರಿ, ಎಮಿಲಿ ಬೇಯ ಅರ್ಧ ಮರಳು. ಬಾವುಟ ಸ್ವಲ್ಪ ಮುಂದೆ ಹೋಯಿತು. ಗಾಳಿ ಸೋಸುವ ಫಿಲ್ಟರ್ ತೆಗೆದರೆ ಒಳಗೆ ಕೋಳಿ ಪುಕ್ಕ. ಚಿಕ್ಕಮ್ಮನ ಕೋಳಿಗಳು ಯಾವಾಗಲೋ ಬಾನೆಟ್ ಒಳಗೆ ಸಂಸಾರ ಹೂಡಿದ್ದವಂತೆ. ಹಿಂದಿನ ಒಂದು ಚಕ್ರದ ಬ್ರೇಕು ವರ್ಷಗಳಿಂದ ಬಿಡದೆ ಹಿಡಿದುಕೊಂಡೇ ಇತ್ತು. “ಇಷ್ಟ್ ವರ್ಷ ಬ್ರೇಕ್ ಹಾಕ್ಕೊಂಡೇ ಓಡ್ಸಿದೀಯಲ್ಲೋ” ಎಂದು ಪಂಚರ್ ಹೊಟ್ಟೆ ಹಿಡಿದು ನಕ್ಕ. ಅದು ಬಿಟ್ಟಮೇಲೆ ಡಬ್ಬಿ ದಿಬ್ಬ ಹತ್ತಿ ಆಚೆ ಇಳಿಯಿತು. ಚಕ್ರಗಳಿಗೆ ಗಾಳಿ ಬಿಗಿ ಮಾಡಿದರು, ಸ್ಟೆಪ್ನಿ ಇಳಿಸಿದರು, ಹಿಂದಿನ ಸೀಟು ಕಿತ್ತು ವರಾಂಡದಲ್ಲಿಟ್ಟರು. ಕೊನೆಗೆ ಚಿಕ್ಕಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಚಿಲ್ಲಿ, ನೀನೂ ಇಳಿ.”

“ಯಾಕೆ, ನಾನೇನು ಲಂಗರಾ?”

“ಲಂಗರು ನಿನ್ನಷ್ಟು ತೂಕ ಇರ್ಲಿಲ್ಲ.”

ಇಳಿದೆ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಆದರೆ ಬಾವುಟ ಮುಂದೆ ಹೋಯಿತು, ಅದು ಇನ್ನೂ ಸಿಟ್ಟು ತರಿಸಿತು. ಅಷ್ಟು ಹೊತ್ತಿಗೆ ಅವನು ತನ್ನ ರಬ್ಬರ್ ಬೂಟನ್ನೂ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿಸತೊಡಗಿದ್ದ. ಬೂಟಿನಲ್ಲಿ ಪೆಡಲ್ ಎಷ್ಟು ಒತ್ತಿದೆ ಎಂದು ಗೊತ್ತಾಗುವುದಿಲ್ಲ, ಬರಿಗಾಲಾದರೆ ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಒತ್ತಬಹುದು ಎಂದ. ಬೂಟಿಲ್ಲದ ಬೂಟ್ಸನ್ನು ನೋಡಲು ಅಂಗಡಿಸಾಲಿನಲ್ಲಿ ಜನ ಹೊರಗೆ ಬಂದು ನಿಂತರು. ಇಳಿಜಾರಿನಲ್ಲಿ ಗೇರು ತಪ್ಪಿಸಿ, ಇಂಜಿನ್ನನ್ನೇ ಆರಿಸಿ ಬಿಡುತ್ತಿದ್ದ. ಡಬ್ಬಿ ಸದ್ದಿಲ್ಲದೆ ಹಕ್ಕಿಯ ಹಾಗೆ ಕಿಂಗ್‌ಸ್ಟನ್‌ಗೆ ಇಳಿಯುತ್ತಿತ್ತು. ಚಿಕ್ಕಮ್ಮನ ಟೋಪಿಯ ಹೂವು ಗಾಳಿಗೆ ಹಾರಾಡುತ್ತಿತ್ತು.

ಇಷ್ಟಾದರೂ ಏಳು ಸಂಜೆ ಆಗಲಿಲ್ಲ. ಐದರ ಹತ್ತಿರ ಬಂದು ನಿಂತಿತು. ಚಿಕ್ಕಪ್ಪ ಯೋಚಿಸಿ ಯೋಚಿಸಿ ಕೊನೆಗೆ ಕಂಡುಹಿಡಿದ: ಪೆಟ್ರೋಲ್ ಕುಡಿಯುವುದು ಓಟ ಅಲ್ಲ, ನಿಲುಗಡೆ. ನಿಂತ ಕಾರನ್ನು ಮತ್ತೆ ಎಳೆದು ಓಡಿಸುವುದಿದೆಯಲ್ಲ, ಅಲ್ಲೇ ಬಾಟಲಿ ಇಳಿಯುತ್ತದೆ. ಭಾನುವಾರ ಚರ್ಚು ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದ.

“ಇನ್ಮೇಲೆ ಡಬ್ಬೀನ ಯಾರೂ ನಿಲ್ಲಿಸ್ಬೇಡಿ. ಕೈ ಬೀಸಿ ಸಾಕು. ಹಸುಗಳ್ನೂ ಸ್ವಲ್ಪ ಪಕ್ಕಕ್ಕೆ ಹೊಡ್ಕೊಳಿ. ಮೈಮಿಗೋಸ್ಕರ.”

ಮೈಮಿಗೋಸ್ಕರ ಎಂದಮೇಲೆ ಯಾರು ಇಲ್ಲ ಎನ್ನುತ್ತಾರೆ? ಮಾರನೇ ಸಂಜೆಯಿಂದ ಡಬ್ಬಿ ಬಂದರೆ ಎದುರಿನ ಕಾರುಗಳು ಹುಲ್ಲಿಗೆ ಇಳಿದು ದಾರಿ ಬಿಟ್ಟವು. ಗೇಟುಗಳಲ್ಲಿ ನಿಂತವರು ಕೈ ಬೀಸಿದರು, ಬಾಯಿಗೆ ಬಂದ ಮಾತು ನುಂಗಿಕೊಂಡರು. ದ್ವೀಪದ ಇತಿಹಾಸದಲ್ಲೇ ಯಾವ ಕಾರೂ ಅಷ್ಟು ನೇರವಾಗಿ ಓಡಿರಲಿಲ್ಲ. ಬಾವುಟ ಎಮಿಲಿ ಬೇಯ ಪೈನ್ ಮರಕ್ಕೆ ಹೋಯಿತು. ಏಳು ಸಂಜೆಗೆ ಕ್ಯಾನು ಸಾಕಾಯಿತು. ಚಿಕ್ಕಪ್ಪ ಆ ರಾತ್ರಿ ವರಾಂಡದಲ್ಲಿದ್ದ ಕಾರಿನ ಹಿಂಬದಿ ಸೀಟಿನಲ್ಲಿ ಕೂತು ಒಬ್ಬನೇ ಹಾಡಿಕೊಂಡ.

ನಾನೂ ಖುಷಿಪಟ್ಟೆ. ಆದರೆ ಬೆಳಿಗ್ಗೆ ಚಿಕ್ಕಮ್ಮನಿಗೆ ಸ್ನಾನ ಮಾಡಿಸುವವಳು ನಾನು. ಒಂದು ವಾರ ಕಳೆದಿರಬಹುದು, ತಿಂಡಿಗೆ ಬಾಳೆಹಣ್ಣು ಸುಲಿದು ಎಂದಿನಂತೆ “ಇದೇನು?” ಎಂದೆ. ಅವಳು ನೋಡಿದಳು, ತುಟಿ ಆಡಿಸಿದಳು, ಬಿಟ್ಟುಬಿಟ್ಟಳು. ಮೊದಲು ಬಂದ ಮಾತೇ ವಾಪಸ್ ಹೋಗಿತ್ತು. ಕಿಟಕಿಯಲ್ಲಿ ಮಳೆ ತೋರಿಸಿದೆ. ಅದೂ ಇಲ್ಲ. ಹಣ್ಣನ್ನು ತಟ್ಟೆಯಲ್ಲಿಟ್ಟು ಎದ್ದೆ.

ನೇರ ಶೆಡ್ಡಿಗೆ ಹೋದೆ. ಚಿಕ್ಕಪ್ಪ ಡಬ್ಬಿಯ ಕನ್ನಡಿ ಬಿಚ್ಚುತ್ತಿದ್ದ, ಗಾಳಿಗೆ ಅಡ್ಡ ಬರುತ್ತದೆಯಂತೆ.

“ಚಿಕ್ಕಪ್ಪ, ಚಿಕ್ಕಮ್ಮ ಮಾತು ಬಿಡ್ತಾ ಇದಾಳೆ.”

“ಸುಸ್ತಾಗಿರ್ಬೇಕು. ದಿನಾ ಹೋಗ್ತೀವಲ್ಲ.”

“ದಿನಾ ಹೋಗಿ ಏನ್ ಮಾಡ್ತೀರಾ? ಯಾರಾದ್ರೂ ಅವಳ ಹತ್ರ ಒಂದ್ ಮಾತು ಆಡ್ತಾರಾ? ಊರೆಲ್ಲ ಬಾಯಿ ಮುಚ್ಕೊಂಡು ಕೈ ಬೀಸೋದು ನೋಡಿದ್ರೆ ಶವಯಾತ್ರೆ ಹೋದಂಗಿದೆ! ಬಾಟ್ಲಿ ಅಳೆದೆ, ಗಾಳಿ ಅಳೆದೆ, ನನ್ನ ತೂಕಾನೂ ಅಳೆದೆ. ಅವಳ ಮಾತು ಎಷ್ಟ್ ಉಳೀತು ಅಂತ ಅಳೆದ್ಯಾ?”

ಅವನಿಗೆ ಸಿಟ್ಟು ಬಂತು. ಸ್ಪ್ಯಾನರ್ ಬೀಸಿ ಒಗೆದ. “ಹಡಗು ಇನ್ನೊಂದ್ ತಿಂಗಳು ಬರ್ದಿದ್ರೆ? ಆಗ ವಾರಕ್ಕೊಂದ್ ಸಂಜೆನೂ ಇಲ್ಲ! ನಾನು ಯಾರಿಗೋಸ್ಕರ ಮಾಡ್ತಾ ಇದೀನಿ ಅನ್ಕೊಂಡಿದೀಯಾ?” ಎಂದು ಕೂಗಿದ. ಕೂಗಿದ ಮೇಲೆ ಅವನ ಮುಖ ನೋಡಲಾಗಲಿಲ್ಲ. ಅವನಿಗೂ ಗೊತ್ತಿತ್ತು ಎಂದು ನನಗೆ ಆಗ ಅನ್ನಿಸಿತು. ಗೊತ್ತಿದ್ದೂ, ಕೈಗೆ ಸಿಗುವ ಕೆಲಸ ಅದೊಂದೇ ಎಂದು ಹಿಡಿದುಕೊಂಡಿದ್ದ, ಪಾಪ.

ಅವತ್ತು ಸಂಜೆ ನಾನು ತೂಕ ಗೀಕ ಕೇಳಲಿಲ್ಲ. ಹಿಂದೆ ಸೀಟಿದ್ದ ಜಾಗದಲ್ಲಿ ಒಂದು ದಿಂಬು ಹಾಕಿ ಕೂತುಬಿಟ್ಟೆ. ಚಿಕ್ಕಪ್ಪ ಗಾಡಿ ಹೊರಡಿಸಿದ. ಅಂಗಡಿಸಾಲು ಹೋಯಿತು, ಎಲ್ಲರೂ ಕೈ ಬೀಸಿದರು. ಚಿಕ್ಕಮ್ಮ ಬೀಸಲಿಲ್ಲ, ಎಡಗೈ ಮಡಿಲಲ್ಲೇ ಇತ್ತು. ಕೆಟಲ್ ಆಂಟಿಯ ಗೇಟು ಬಂತು. ಆಂಟಿ ಬಾಳೆಹಣ್ಣಿನ ಬಿಸಿ ಕಡುಬಿನ ತಟ್ಟೆ ಹಿಡಿದು ನಿಂತಿದ್ದಳು. ಬಹುಶಃ ಮರೆತು ಒಂದು ಹೆಜ್ಜೆ ರಸ್ತೆಗೆ ಇಟ್ಟಳು, ಡಬ್ಬಿ ಕಂಡ ಕೂಡಲೇ ಬಾಯಿಗೆ ಸೆರಗಿನ ಹಾಗೆ ಏಪ್ರನ್ ಮುಚ್ಚಿಕೊಂಡು ಹಿಂದೆ ಸರಿದಳು.

ಚಿಕ್ಕಮ್ಮನ ಎಡಗೈ ಎದ್ದಿತು. ಮಡಿಲು ದಾಟಿಸಿ, ಮೈಯೆಲ್ಲ ತಿರುಗಿಸಿ, ಎರಡು ಸೀಟಿನ ನಡುವಿನ ಹ್ಯಾಂಡ್‌ಬ್ರೇಕ್ ಹಿಡಿದು ಒಂದೇ ಸಲ ಎಳೆದಳು.

ಡಬ್ಬಿ ಕಿರುಚಿ, ಹಿಂಭಾಗ ತಿರುಗಿಸಿ, ಇಂಜಿನ್ ಸತ್ತು ನಿಂತಿತು. ನಾನು ಚಿಕ್ಕಪ್ಪನ ಸೀಟಿನ ಬೆನ್ನಿಗೆ ಹೋಗಿ ಬಡಿದೆ. ಬೇಲಿಯಲ್ಲಿ ನಮ್ಮ ಮೊದಲನೇ ಬಾವುಟ ಪಟಪಟ ಅನ್ನುತ್ತಿತ್ತು. ಆಂಟಿಯ ತಟ್ಟೆ ಕೆಳಗೆ ಬಿದ್ದಿತ್ತು.

“ಏನಾಯ್ತೇ ಮೈಮಿ?” ಎಂದ ಚಿಕ್ಕಪ್ಪ, ಬಿಳಚಿಕೊಂಡು.

ಚಿಕ್ಕಮ್ಮ ಅವನ ಕಡೆ ತಿರುಗಲೂ ಇಲ್ಲ. ಕಿಟಕಿಯಾಚೆ ಕೈ ಚಾಚಿ, ಕೊರಳ ನರವೆಲ್ಲ ಉಬ್ಬಿಸಿ, “ಕೆ... ಕೆಟ್... ಕೆಟಲ್” ಎಂದಳು.

ಲಕ್ವ ಹೊಡೆದ ಮೇಲೆ ಅವಳು ಕರೆದ ಮೊದಲ ಹೆಸರು ಅದು. ಆಂಟಿ ಓಡಿ ಬಂದು ಕಿಟಕಿಗೆ ಜೋತುಬಿದ್ದು ಅತ್ತಳು. “ಹೂಂ ಕಣೇ, ನಾನೇ, ಕೆಟಲ್ಲೇ! ನಿನ್ ಗಂಡನ ಬಾವುಟಕ್ಕೆ ಬೆಂಕಿ ಹಾಕ, ಎಷ್ಟ್ ದಿನ ಆಯ್ತೇ ನಿನ್ನ ಮಾತಾಡ್ಸಿ!” ಚಿಕ್ಕಪ್ಪ ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡು ಕೂತಿದ್ದ.

ಈಗ ಡಬ್ಬಿ ನಿಂತದ್ದು ಏರಿನಲ್ಲಿ. ಅಲ್ಲಿಂದ ಇಂಜಿನ್ ಹಾಕಿ ಎಳೆದರೆ ಅವತ್ತಿನ ಪೆಟ್ರೋಲ್ ಅಲ್ಲೇ ಮುಗಿಯುತ್ತದೆ. “ತಳ್ಳಿಬಿಡೋಣ, ದಿಬ್ಬದ ತುದಿ ಇಲ್ಲೇ ಇದೆ” ಎಂದೆ ನಾನು. ನಾನೂ ಆಂಟಿಯೂ ಹಿಂದಿನಿಂದ, ಚಿಕ್ಕಪ್ಪ ಬರಿಗಾಲಲ್ಲಿ ಬಾಗಿಲ ಪಕ್ಕದಿಂದ ಸ್ಟಿಯರಿಂಗ್ ಹಿಡಿದು ತಳ್ಳಿದೆವು. ತುದಿಗೆ ಬಂದ ಮೇಲೆ ಬ್ರೇಕ್ ಹಾಕಿ ಉಸಿರು ತೆಗೆದುಕೊಳ್ಳಲು ನಿಂತೆವು. ಆಂಟಿ ಮನೆಗೆ ಓಡಿ ಚಹಾ ತಂದಳು. ಹಾದುಹೋಗುತ್ತಿದ್ದ ಪಂಚರ್ ಸೈಕಲ್ ಇಳಿದ. ಕೆಳಗೆ ಕಿಂಗ್‌ಸ್ಟನ್, ಅದರಾಚೆ ಆ ಹಾಳು ಸಮುದ್ರ. ಕತ್ತಲಾಗುವವರೆಗೆ ಮಾತಾಡಿದೆವು. ಚಿಕ್ಕಮ್ಮ “ಚಹಾ” ಎಂದಳು, “ಬಿಸಿ” ಎಂದಳು, ಪಂಚರನ ಸೈಕಲ್ ಚಕ್ರ ಒತ್ತಿ ನೋಡಿ ಗಾಳಿ ಇಲ್ಲವೆಂದು ಮೂಗು ಮುರಿದಳು. ಆಮೇಲೆ ಚಿಕ್ಕಪ್ಪ ಹ್ಯಾಂಡ್‌ಬ್ರೇಕ್ ಇಳಿಸಿದ. ಡಬ್ಬಿ ತಾನಾಗೇ ಉರುಳಿ, ಇಂಜಿನ್ ಇಲ್ಲದೆಯೇ ಕಿಂಗ್‌ಸ್ಟನ್ ಮುಟ್ಟಿತು.

ಕೆಳಗೆ ಮುಟ್ಟಿದ ಮೇಲೆ ಅವನು ಹಿಂದೆ ತಿರುಗಿ ದಿಬ್ಬದ ಕಡೆ ನೋಡಿದ. “ಚಿಲ್ಲಿ, ಅಷ್ಟೊತ್ತು ನಿಂತಿದ್ದಕ್ಕೆ ಒಂದ್ ತೊಟ್ಟೂ ಖರ್ಚಾಗ್ಲಿಲ್ಲ” ಎಂದ. “ದಿಬ್ಬದ್ ತುದೀಲಿ ನಿಂತ್ರೆ ಕಾರೇ ಹೊರಡುತ್ತೆ. ನಾನು ನಿಲ್ಲೋದೇ ತಪ್ಪು ಅನ್ಕೊಂಡಿದ್ದೆ. ನಿಲ್ಲೋ ಜಾಗ ತಪ್ಪಾಗಿತ್ತು.”

ಮಾರನೇ ದಿನ ಬಾಟಲಿ ಕಟ್ಟಿ ನೋಡಿದ. ತುದಿಯಲ್ಲಿ ನಿಲ್ಲುತ್ತಾ, ಉರುಳುತ್ತಾ ಹೋದರೂ ಡಬ್ಬಿ ಅದೇ ಪೈನ್ ಮರದವರೆಗೆ ಬಂತು.

ಮುಂದಿನ ಭಾನುವಾರ ಮತ್ತೆ ಚರ್ಚಿನ ಮೆಟ್ಟಿಲು. “ನಾನು ದಡ್ಡ” ಎಂದು ಶುರುಮಾಡಿದ. “ಗೊತ್ತಿದೆ, ಮುಂದೆ ಹೇಳು” ಎಂದರು ಯಾರೋ. “ನಮ್ಮನ್ನ ನಿಲ್ಸಿ. ಆದ್ರೆ ದಿಬ್ಬದ ತುದೀಲಿ ಮಾತ್ರ ನಿಲ್ಸಿ. ಏರಲ್ಲಿ, ಸಮದಲ್ಲಿ ಬೇಡ.”

ನಮ್ಮ ದ್ವೀಪದಲ್ಲಿ ದಿಬ್ಬಗಳಿಗೇನು ಬರ. ಒಂದೇ ವಾರದಲ್ಲಿ ಊರಿನ ಹರಟೆಯೆಲ್ಲ ತಗ್ಗಿನಿಂದ ಮೇಲಕ್ಕೆ ಬಂತು. ಸಂಜೆಯಾದರೆ ಒಂದೊಂದು ತುದಿಯಲ್ಲೂ ಒಂದೊಂದು ಗುಂಪು, ಕುರ್ಚಿ, ಚಹಾದ ಫ್ಲಾಸ್ಕು. ಪಂಚರ್ ಹಳೇ ಹಲಗೆಗಳಲ್ಲಿ ಒಂದು ಬೆಂಚು ಮಾಡಿ ಹಾಕಿದ. ಪೆಟ್ರೋಲ್ ಇಲ್ಲದವರು ನಡೆದು ಹತ್ತಿ ಬಂದರು. ಮೊಣಕಾಲು ನೋವಿನವರು ಬಯ್ಯುತ್ತಾ ಬಂದರು. “ಬೂಟ್ಸ್, ನಿನ್ ಪೆಟ್ರೋಲ್ ಉಳೀಲಿ ಅಂತ ನಮ್ ಕಾಲು ಸವೀತಾ ಇದೆ ಕಣೋ” ಎಂದರೆ ಚಿಕ್ಕಪ್ಪ, “ಟೈರ್ ಗಾಳಿ ಬಿಗಿ ಮಾಡ್ಕೊ” ಎನ್ನುತ್ತಿದ್ದ. ಬಂದವರೆಲ್ಲ ಕಿಟಕಿಯಲ್ಲಿ ಮುಖ ಇಟ್ಟು “ನಾನ್ಯಾರು ಹೇಳು” ಎನ್ನುತ್ತಿದ್ದರು. ‘ಪಂಚರ್’ ಬಂತು, ‘ಚಿಲ್ಲಿ’ ಬಂತು. ನನ್ನ ಹೆಸರು ಅವಳ ಬಾಯಲ್ಲಿ ಬಂದ ದಿನ ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಹೆಸರಿಗೆ ಹೆಸರು ಸೇರಿ, ಎರಡು ಮಾತು ಒಟ್ಟಿಗೆ ಬರತೊಡಗಿದವು. ಆದರೆ ಎರಡೇ. ಮೂರನೆಯದು ಹೊಸ್ತಿಲಲ್ಲಿ ಮುಗ್ಗರಿಸುತ್ತಿತ್ತು. ನರ್ಸ್ ಬಂದು ನೋಡಿ, ಇಷ್ಟು ಬಂದದ್ದೇ ದೊಡ್ಡದು, ಇಡೀ ವಾಕ್ಯ ಬರದೇ ಇರಬಹುದು, ಮನಸ್ಸು ಗಟ್ಟಿ ಮಾಡಿಕೋ ಎಂದು ಚಿಕ್ಕಪ್ಪನಿಗೆ ಹೇಳಿ ಹೋದಳು. ಅವನು ತಲೆಯಾಡಿಸಿದ. ಅವತ್ತು ಬಾವುಟಗಳನ್ನೆಲ್ಲ ಒಗೆದು ಒಣಹಾಕಿದ, ಅದರ ಅಗತ್ಯವೇನೂ ಇರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಸಮುದ್ರ ತಟ್ಟೆಯ ಹಾಗೆ ಮಲಗಿತ್ತು. ಹಡಗು ಬಂತು, ಪೈಪ್ ಎಳೆದರು. ಊರೆಲ್ಲ ದಡದಲ್ಲಿ ನಿಂತು ಚಪ್ಪಾಳೆ ಹೊಡೆಯಿತು. ಮಧ್ಯಾಹ್ನಕ್ಕೆ ಬಂಕಿನ ಬೋರ್ಡು ಇಳಿಯಿತು. ಚಿಕ್ಕಪ್ಪ ಟ್ಯಾಂಕು ತುಂಬಿ ತುಳುಕುವವರೆಗೆ ಹಾಕಿಸಿದ. ಸೀಟು ವಾಪಸ್ ಕೂರಿಸಿದ, ನನ್ನನ್ನು ಮರ್ಯಾದೆಯಿಂದ ಕೂರಿಸಿದ, ಕಾಲಿಗೆ ರಬ್ಬರ್ ಬೂಟು ಏರಿಸಿದ. “ಇವತ್ತು ನಾನು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸ್ತೀನಿ, ಯಾರಪ್ಪನ ಮಾತೂ ಕೇಳಲ್ಲ” ಎಂದ.

ಹಾಗೇ ಮಾಡಿದ. ಅಂಗಡಿಸಾಲಿನಲ್ಲಿ ಎರಡು ಸಲ ನಿಲ್ಲಿಸಿದ. ಕೆಟಲ್ ಆಂಟಿಯ ಗೇಟಿನೆದುರು, ಅದೇ ಏರಿನಲ್ಲಿ, ರಾಜನ ಹಾಗೆ ನಿಲ್ಲಿಸಿದ. ದಿಬ್ಬದ ಬೆಂಚಿನಿಂದ ಜನ ಇಳಿದು ಬಂದರು. ಪಂಚರ್ ಬಂದ. ಹಡಗಿನವರು ಏನಂದರು, ಪೈಪ್ ಎಳೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಮಾತು ಹತ್ತಿತು. ಚಿಕ್ಕಪ್ಪ ಕಿಟಕಿಯಾಚೆ ಅರ್ಧ ಮೈ ಹಾಕಿ ಕೈ ತಿರುಗಿಸುತ್ತಾ ವಿವರಿಸುತ್ತಿದ್ದ. ತಿಂಗಳುಗಳ ಮೇಲೆ ಮೊದಲ ಸಲ ಡಬ್ಬಿ ನಿಂತಲ್ಲೇ ಗುರುಗುಟ್ಟುತ್ತಿತ್ತು. ಹಿಂದಿನಿಂದ ನೀಲಿ ಹೊಗೆ ಆಂಟಿಯ ಹೂಗಿಡಗಳ ಕಡೆ ಹೋಗುತ್ತಿತ್ತು.

ಚಿಕ್ಕಮ್ಮ ಮೊದಲು ಡ್ಯಾಶ್‌ಬೋರ್ಡ್ ನೋಡಿದಳು. ಆಮೇಲೆ ಗಂಡನ ಬೆನ್ನು ನೋಡಿದಳು. ಎಡಗೈಯಿಂದ ಅವನ ಅಂಗಿ ಹಿಡಿದು ಎಳೆದಳು. ಅವನು ತಿರುಗಲಿಲ್ಲ, ಹರಟೆಯಲ್ಲಿ ಮುಳುಗಿದ್ದ.

“ಇಂಜಿನ್ ಆಫ್ ಮಾಡು ಮಾರಾಯ,” ಎಂದಳು ಚಿಕ್ಕಮ್ಮ, “ಪೆಟ್ರೋಲೇನು ನಿಮ್ಮಪ್ಪನ ಬಾವೀಲಿ ಉಕ್ತಾ ಇದ್ಯಾ?”

ಎಲ್ಲೂ ಮುಗ್ಗರಿಸಲಿಲ್ಲ. ಹಳೆಯ ಧ್ವನಿ, ಹಳೆಯ ರಾಗ, ಕೊನೆಯಲ್ಲಿ ಎತ್ತುವ ಆ ಕೊಂಕು, ಎಲ್ಲ ಇತ್ತು.

ಚಿಕ್ಕಪ್ಪ ನಿಧಾನವಾಗಿ ಮೈ ಒಳಗೆಳೆದುಕೊಂಡ. ಬೀಗದಕೈಗೆ ಕೈ ಹಾಕಿದ, ಅದು ಸಿಗಲಿಲ್ಲ, ಮತ್ತೆ ಹಾಕಿದ. ಇಂಜಿನ್ ಆರಿತು. ಗಲ್ಲದ ಮೇಲೆ ಧಾರಾಕಾರ ನೀರು, ಒರೆಸಿಕೊಳ್ಳುವುದೂ ಗೊತ್ತಾಗಲಿಲ್ಲ ಅವನಿಗೆ.

“ಮೈಮಿ,” ಎಂದ, “ಇನ್ನೊಂದ್ಸಲ ಹೇಳೇ.”

ಚಿಕ್ಕಮ್ಮ ಅವನನ್ನು ದುರುಗುಟ್ಟಿ ನೋಡಿದಳು.

“ಒಂದ್ಸಲ... ಹೇಳಿದ್ರೆ... ಅರ್ಥ ಆಗಲ್ವಾ?”

ಕೆಟಲ್ ಆಂಟಿ ಬಿದ್ದು ಬಿದ್ದು ನಕ್ಕಳು, ನಗುತ್ತಲೇ ಅತ್ತಳು. ನಾನು ಇಳಿದು ಡಬ್ಬಿಯ ಹಿಂದೆ ಹೋಗಿ ನಿಂತೆ, ಪಂಚರ್ ನನ್ನ ಪಕ್ಕ ಬಂದ, ಬೆಂಚಿನವರೆಲ್ಲ ಬಂದರು. ಟ್ಯಾಂಕು ತುಂಬಿತ್ತು, ಇಂಜಿನ್‌ಗೇನೂ ಆಗಿರಲಿಲ್ಲ. ಆದರೂ ನಾವೆಲ್ಲ ಸೇರಿ ಅವರಿಬ್ಬರನ್ನು ದಿಬ್ಬದ ತುದಿಯವರೆಗೆ ತಳ್ಳಿಕೊಂಡು ಹೋದೆವು.